ಹಾಡೂ ಒಂದು ದಾಖಲೆ

ದಸರೆ ಮುಗಿದ ಬಳಿಕ ಇಚಲಕರಂಜಿಯ ಸಮೀಪದ ಪಟ್ಟಣಕೊಡೋಲಿಯಲ್ಲಿ ವಿಠ್ಠಲ-ಬೀರದೇವರ ಜಾತ್ರೆ ಕೂಡುತ್ತದೆ. ಸೊಲ್ಲಾಪುರ ಜಿಲ್ಲೆಯ ಅಂಜನಗಾಂವದಿಂದ ಕಾಲ್ನಡಿಗೆಯಲ್ಲಿ ಬಂದ ಫರಾಂಡೆ ಬಾಬಾ ಕತ್ತಿ ಹಿಡಿದು ಕುಣಿಯುತ್ತ ಗುಡಿಯತ್ತ ಸಾಗುವಾಗ ಭಕ್ತರು ಭಂಡಾರ, ಒಣಕೊಬ್ಬರಿ, ಉಣ್ಣೆ ತೂರುತ್ತಾರೆ. ನೆಲವೂ ಮೈಯೂ ಹಳದಿಯಾಗುತ್ತವೆ. ಮಳೆ, ಬೆಳೆ, ಧಾರಣೆಗಳ ಕುರಿತು ಬಾಬಾ ನುಡಿಯುವ ಭವಿಷ್ಯಕ್ಕೆ ಮರಾಠಿಯಲ್ಲಿ ‘ಭಾಕಣೂಕ’ ಎಂದು ಹೆಸರು. ಮೈಲಾರದ ಕಾರಣಿಕವನ್ನು ಬಲ್ಲ ಕನ್ನಡಿಗರಿಗೆ ಅದು ಹೊಸದಲ್ಲ.

ಈ ದೇವರು ಎರಡು ಭಾಷೆಗಳ ದೇವರು. ಮರಾಠಿಯ ಧನಗರರಿಗೆ ಬಿರೋಬಾ, ಕನ್ನಡದ ಹಾಲುಮತದವರಿಗೆ ಬೀರಪ್ಪ. ಆತನನ್ನು ಸಲಹಿದ ಅಕ್ಕ ಮಾಯವ್ವನ ಗುಡಿ ಗಡಿಯಾಚೆ, ರಾಯಬಾಗ ತಾಲೂಕಿನ ಚಿಂಚಲಿಯಲ್ಲಿದೆ. ಭಾರತ ಹುಣ್ಣಿಮೆಯ ಜಾತ್ರೆಗೆ ಕೊಲ್ಹಾಪುರ ಸೀಮೆಯ ಭಕ್ತರು ಇಂದಿಗೂ ಹೋಗುತ್ತಾರೆ. ಧನಗರರು ರಾತ್ರಿಯಿಡೀ ಹಾಡಿ ಹೇಳುವ ದೇವರ ಕಥೆಗೆ ‘ಸುಂಬರಾನ’ ಎನ್ನುತ್ತಾರೆ. ‘ಸ್ಮರಣೆ’ಯೇ ಅದರ ಮೂಲ. ದೇವರು ಏರಿದ ಬೆಟ್ಟ, ದಾಟಿದ ಹೊಳೆ, ಹಟ್ಟಿ ಹೂಡಿದ ತಾಣ ಎಲ್ಲವೂ ಆ ಕಥೆಯಲ್ಲಿ ಬರುತ್ತವೆ.

ಹಿಂದೂ ಅವಿಭಕ್ತ ಕುಟುಂಬದ ಕಾಯ್ದೆಯನ್ನು ಕುರಿತು ಗ್ರಂಥ ಬರೆದ ಜರ್ಮನ್ ವಿದ್ವಾಂಸ ಗುಂಥರ್ ಸೊಂಥೈಮರ್ ಅವರು ಧನಗರರೊಡನೆ ಅಲೆದು ಈ ಹಾಡುಗಳನ್ನು ಸಂಗ್ರಹಿಸಿದರು. ಬಿರೋಬಾ, ಮ್ಹಸ್ಕೋಬಾ, ಖಂಡೋಬಾ ಕುರಿತ ಅವರ ಗ್ರಂಥ 1976ರಲ್ಲಿ ಜರ್ಮನ್ ಭಾಷೆಯಲ್ಲಿ, 1989ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾಯಿತು. ಕಾಯ್ದೆ ಬಲ್ಲವರಿಗೆ ಕುರಿಗಾಹಿಗಳ ಹಾಡಿನಲ್ಲಿ ಏನು ಕೆಲಸ? ಈ ಪ್ರಶ್ನೆಗೆ ಉತ್ತರ ದೂರದ ಆಸ್ಟ್ರೇಲಿಯದಲ್ಲಿ ದೊರೆಯುತ್ತದೆ.

ಅಲ್ಲಿಯ ಮೂಲನಿವಾಸಿಗಳ ನಂಬಿಕೆಯಂತೆ, ಆದಿಯಲ್ಲಿ ಪೂರ್ವಜ ಶಕ್ತಿಗಳು ನೆಲದ ಮೇಲೆ ಸಂಚರಿಸಿ ಬೆಟ್ಟ, ಬಂಡೆ, ನೀರಿನ ಹೊಂಡಗಳನ್ನು ರೂಪಿಸಿದುವು. ಇಂಗ್ಲಿಷರು ಇದನ್ನು ‘ಡ್ರೀಮಿಂಗ್’ ಎಂದು ಕರೆದರು. ಆದರೆ ಅದು ನಿದ್ದೆಯಲ್ಲಿ ಕಾಣುವ ಕನಸಲ್ಲ. ಉಲೂರು ಬಂಡೆಯ ಸುತ್ತಲಿನ ಅನಂಗು ಜನರು ‘ಚುಕುರ್ಪ’ ಎನ್ನುವಾಗ ಸೃಷ್ಟಿಯ ಕಥೆಯನ್ನೂ ಇಂದು ಬಾಳಬೇಕಾದ ಕಟ್ಟಳೆಯನ್ನೂ ಒಟ್ಟಿಗೆ ಹೇಳುತ್ತಾರೆ. ಹಾಡು, ಕುಣಿತ, ಮೈಮೇಲಿನ ಚಿತ್ರಗಳಿಂದ ಕೂಡಿದ ವಿಧಿಗಳಲ್ಲಿ ಆ ಕಟ್ಟಳೆ ಒಂದು ಪೀಳಿಗೆಯಿಂದ ಇನ್ನೊಂದಕ್ಕೆ ಸಾಗುತ್ತದೆ.

1963ರಲ್ಲಿ ಯಿರ್ಕಲಾ ಎಂಬಲ್ಲಿಯ ಯೋಲ್ಙು ಜನರು, ತಮ್ಮ ನೆಲವನ್ನು ಬಾಕ್ಸೈಟ್ ಗಣಿಗೆ ಬಿಟ್ಟುಕೊಟ್ಟುದನ್ನು ವಿರೋಧಿಸಿ ಸಂಸತ್ತಿಗೆ ಮನವಿ ಕಳುಹಿಸಿದರು. ಚಿತ್ರ ಬರೆದ ಮರದ ತೊಗಟೆಗೆ ಅಂಟಿಸಿದ ಆ ಮನವಿ ಅವರ ಭಾಷೆಯಲ್ಲಿಯೂ ಇಂಗ್ಲಿಷಿನಲ್ಲಿಯೂ ಇತ್ತು. 1971ರಲ್ಲಿ ನ್ಯಾಯಮೂರ್ತಿ ಬ್ಲ್ಯಾಕ್‌ಬರ್ನ್ ಅವರು, ಈ ಜನರಿಗೆ ಸುವ್ಯವಸ್ಥಿತ ಕಟ್ಟಳೆಯುಂಟೆಂದು ಒಪ್ಪಿದರೂ ನೆಲದ ಒಡೆತನವನ್ನು ಒಪ್ಪಲಿಲ್ಲ. ಆದರೆ 1976ರ ಕಾಯ್ದೆಯು ಉತ್ತರ ಪ್ರಾಂತದಲ್ಲಿ ಪವಿತ್ರ ತಾಣದ ಹೊಣೆಯನ್ನೇ ಸಾಂಪ್ರದಾಯಿಕ ಒಡೆತನದ ಗುರುತಾಗಿ ಸ್ವೀಕರಿಸಿತು. 1992ರ ಮಾಬೋ ತೀರ್ಪು, ವಸಾಹತಿಗಿಂತ ಮೊದಲಿನ ಹಕ್ಕು ಉಳಿದಿರಬಲ್ಲದೆಂದು ಸಾರಿತು.

ಧನಗರರು ಕೇಳುವುದು ಒಡೆತನವನ್ನಲ್ಲ, ಹಾದಿಯನ್ನು ಮತ್ತು ಮೇವನ್ನು. ಭಾರತದ 2006ರ ಅರಣ್ಯ ಹಕ್ಕು ಕಾಯ್ದೆಯು ಅಲೆಮಾರಿ ಪಶುಪಾಲಕರ ಋತುಕಾಲದ ಮೇವಿನ ಹಕ್ಕನ್ನು ಅರಣ್ಯಭೂಮಿಯಲ್ಲಿ ಮನ್ನಿಸುತ್ತದೆ. ಅನುಸೂಚಿತ ಬುಡಕಟ್ಟಿನ ಪಟ್ಟಿಯಲ್ಲಿಲ್ಲದವರು ಮಾತ್ರ 2005ರ ಡಿಸೆಂಬರ್ 13ಕ್ಕಿಂತ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷಗಳ ಅರಣ್ಯವಾಸ ಮತ್ತು ಅವಲಂಬನೆಯನ್ನು ತೋರಿಸಬೇಕು. ಕುರಿಯ ಬೆನ್ನಹಿಂದೆ ನಡೆದವನ ಬಳಿ ಕಾಗದಪತ್ರ ಎಲ್ಲಿಂದ ಬರಬೇಕು? ಇದಕ್ಕೂ 2008ರ ನಿಯಮಗಳಲ್ಲಿ ದಾರಿಯುಂಟು: ಹಳೆಯ ಬಾವಿ, ಸಮಾಧಿ, ಪವಿತ್ರ ಸ್ಥಳಗಳು ಮತ್ತು ಹಿರಿಯರು ಹೇಳಿ ಬರೆಯಿಸಿದ ಹೇಳಿಕೆಗಳು ಸಾಕ್ಷ್ಯವಾಗಬಲ್ಲವು. ಹಾಡೊಂದೇ ಹಕ್ಕನ್ನು ಕೊಡಲಾರದು. ಆದರೆ ಸಾಕ್ಷಿ ಹೇಳಬಲ್ಲ ಹಿರಿಯನ ನೆನಪು ಆ ಹಾಡಿನಲ್ಲಿಯೇ ಕುಳಿತಿದೆ. ಹಿರಿಯ ಹೋದರೆ ಬೆಟ್ಟ ಉಳಿಯುತ್ತದೆ, ಸಾಕ್ಷಿ ಉಳಿಯುವುದಿಲ್ಲ.

ಗಡಹಿಂಗ್ಲಜ ಸೀಮೆಯ ಕನ್ನಡ ಮನೆಗಳಲ್ಲಿಯೂ ಡೊಳ್ಳಿನ ಪದ ಬಲ್ಲ ಅಜ್ಜಂದಿರಿದ್ದಾರೆ. ಅವರಲ್ಲಿ ಅನೇಕರಿಗೆ ಅಕ್ಷರ ಬಾರದು. ಕನ್ನಡ ಶಾಲೆಗೆ ಹೋಗುವ ಮೊಮ್ಮಕ್ಕಳಿಗೆ ಬರುತ್ತದೆ. ರಜೆಯಲ್ಲೊಂದು ಸಂಜೆ ಅಜ್ಜನ ಬಳಿ ಕುಳಿತು, ಪದದಲ್ಲಿ ಬರುವ ಊರು, ಹಳ್ಳ, ಗುಡ್ಡಗಳ ಹೆಸರನ್ನು, ಹೇಳಿದವರ ಹೆಸರು, ವಯಸ್ಸು, ದಿನಾಂಕ ಸಹಿತ ಬರೆದಿಡಬಹುದು. ಅಜ್ಜನ ಒಪ್ಪಿಗೆಯನ್ನು ಮೊದಲು ಪಡೆಯಬೇಕು; ಹೊರಗೆ ಹೇಳಬಾರದೆಂದು ಅವರು ಬಯಸಿದುದನ್ನು ಬಿಡಬೇಕು. ಆಸ್ಟ್ರೇಲಿಯದ ಹಿರಿಯರೂ ತಮ್ಮ ವಿಧಿಗಳಲ್ಲಿ ಎಲ್ಲವನ್ನೂ ಎಲ್ಲರಿಗೂ ತೋರಿಸುವುದಿಲ್ಲ. ಹೀಗೆ ತುಂಬಿದ ಒಂದು ನೋಟುಬುಕ್ಕು ಮಗುವಿಗೆ ಕನ್ನಡದ ಅಭ್ಯಾಸವಾದೀತು. ಗ್ರಾಮಸಭೆಯಲ್ಲಿ ಹಕ್ಕು ಕೇಳುವ ದಿನ ಬಂದರೆ, ಅಜ್ಜನ ಹೇಳಿಕೆಗೆ ಆಧಾರವೂ ಆದೀತು.