ಮಿಕ್ಸಿ ಜಾರೂ ಕ್ಯಾಮೆರಾ ಲೆನ್ಸೂ

ಮಿಕ್ಸಿ ಕೊಳ್ಳಲು ಅಂಗಡಿಗೆ ಹೋದಾಗ ನಾವು ಹೆಂಗಸರು ಏನೇನು ಕೇಳುತ್ತೇವೆ, ಒಮ್ಮೆ ನೆನಪು ಮಾಡಿಕೊಳ್ಳಿ. ಜಾರು ಒಡೆದರೆ ಬೇರೆ ಜಾರು ಸಿಗುತ್ತದೆಯೇ? ಕೆಳಗಿನ ಕಪ್ಲರ್ ಸವೆದರೆ ನಮ್ಮೂರಲ್ಲೇ ಹಾಕಿಕೊಡುವವರಿದ್ದಾರೆಯೇ? ಈ ಕಂಪನಿ ನಾಲ್ಕು ವರ್ಷ ಬಾಳುತ್ತದೆಯೇ? ಅಂಗಡಿಯವನು, “ಏನಮ್ಮಾ, ತಗೊಳ್ಳೋಕೆ ಮುಂಚೆಯೇ ಕೆಡೋ ಮಾತಾಡ್ತೀರಲ್ಲ” ಎಂದು ಗೊಣಗುತ್ತಾನೆ. ಗೊಣಗಲಿ. ನಾವು ಕೇಳದೆ ಬಿಡುವುದಿಲ್ಲ. ಜಾರು ಸಿಗದ ಮಿಕ್ಸಿ ಅಟ್ಟ ಸೇರುತ್ತದೆಂಬುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮೂರು ಸಾವಿರದ ಮಿಕ್ಸಿಗೆ ಕೇಳುವ ಈ ಪ್ರಶ್ನೆಯನ್ನು ಒಂದೂವರೆ ಲಕ್ಷದ ಕ್ಯಾಮೆರಾಕ್ಕೆ ನಾವೇಕೆ ಕೇಳುವುದಿಲ್ಲ? ಇದೇ ನನ್ನ ತಕರಾರು.

ಕಳೆದ ದೀಪಾವಳಿಗೆ ನನ್ನ ತಂಗಿಯ ಮಗಳು ಸಾಗರಕ್ಕೆ ನಮ್ಮ ಮನೆಗೆ ಬಂದಿದ್ದಳು. ಡಿಗ್ರಿ ಮುಗಿಸಿ, ಪರಿಚಯದ ಸ್ಟುಡಿಯೋದಿಂದ ಕ್ಯಾಮೆರಾ ಬಾಡಿಗೆಗೆ ತಂದು ನಾಮಕರಣ, ಸೀಮಂತಗಳ ಫೋಟೋ ತೆಗೆಯುವ ಹುಡುಗಿ. ಕೈ ಚೆನ್ನಾಗಿದೆ, ಕಣ್ಣು ಅದಕ್ಕಿಂತ ಚೆನ್ನಾಗಿದೆ. ಹೋಳಿಗೆ ತಿಂದು ಕೈ ತೊಳೆದ ಮೇಲೆ ಮೆಲ್ಲನೆ ವಿಷಯಕ್ಕೆ ಬಂದಳು.

“ದೊಡ್ಡಮ್ಮಾ, ಅಜ್ಜಿಯ ಬಳೆ ನಿಮ್ಮ ಹತ್ತಿರಾನೇ ಇದೆಯಲ್ಲ? ಬ್ಯಾಂಕಲ್ಲಿಟ್ಟು ಸ್ವಂತ ಕ್ಯಾಮೆರಾ ತಗೋತೀನಿ. ಎರಡು ಸೀಸನ್ ಮದುವೆ ಮಾಡಿದರೆ ಬಿಡಿಸಿಕೊಡ್ತೀನಿ.”

ಯಾವ ಕ್ಯಾಮೆರಾ ಎಂದು ಕೇಳಿದೆ. ಮೊಬೈಲಿನಲ್ಲಿ ತೋರಿಸಿದಳು. ಆಗಷ್ಟೇ ಬಂದ ಮಿರರ್‌ಲೆಸ್, ಅದಕ್ಕೇ ಬೇರೆ ಹೊಸ ಮೌಂಟು. ಸದ್ಯಕ್ಕೆ ಎರಡು ಲೆನ್ಸ್ ಮಾತ್ರ ಇವೆ. “ಮುಂದಿನ ವರ್ಷ ಇನ್ನೂ ನಾಲ್ಕು ಬರುತ್ತದಂತೆ. ಹಳೆಯ ಲೆನ್ಸ್ ಹಾಕುವ ಅಡಾಪ್ಟರ್ ಕೂಡ ಮಾಡುತ್ತಾರಂತೆ. ಶಿವಮೊಗ್ಗದಲ್ಲೇ ಸರ್ವಿಸ್ ಸೆಂಟರ್ ಆಗುತ್ತದಂತೆ” ಎಂದಳು.

ನಾನು ಇಪ್ಪತ್ತೆಂಟು ವರ್ಷದಿಂದ ಕನ್ನಡ ಪಾಠ ಮಾಡುವವಳು. ಒಂದೇ ಉಸಿರಿನಲ್ಲಿ ಮೂರು ‘ಅಂತೆ’ ಬಂದರೆ ಕಿವಿ ನೆಟ್ಟಗಾಗುತ್ತದೆ. ಆ ‘ಅಂತೆ’ಗೆ ನಮ್ಮ ಹಿರಿಯರು ಜೊತೆಯನ್ನೂ ಹುಡುಕಿ ಇಟ್ಟಿದ್ದಾರೆ: ಅಂತೆ ಕಂತೆ. ಆದರೆ ಬ್ಯಾಂಕಿಗೆ ಕಟ್ಟುವ ಬಡ್ಡಿಯಲ್ಲಿ ಯಾವ ಅಂತೆಯೂ ಇರುವುದಿಲ್ಲ.

ನಾನು ಉತ್ತರ ಹೇಳಲಿಲ್ಲ. ಎದ್ದು ಬೀರುವಿನಿಂದ ಒಂದು ಪೆಟ್ಟಿಗೆ ತಂದು ಅವಳ ಮುಂದಿಟ್ಟೆ.

ಅದು 2014ರಲ್ಲಿ ನಾನು ಚೀಟಿ ಎತ್ತಿ, ಐವತ್ತೆರಡು ಸಾವಿರ ಕೊಟ್ಟು ತಂದ ಕ್ಯಾಮೆರಾ. ಕಂಪನಿಯ ಹೆಸರು ಬರೆಯುವುದಿಲ್ಲ. ಯಾರ ಮೇಲೂ ಜಗಳಕ್ಕೆ ಹೊರಟವಳಲ್ಲ ನಾನು. ನಮ್ಮ ಸೀಮೆಯ ದೀವರ ಹೆಂಗಸರು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ, ಪುಂಡಿ ನಾರಿನ ಕುಂಚ ಹಿಡಿದು, ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಬರೆಯುವ ಹಸೆ ಚಿತ್ತಾರವನ್ನು ನೀವು ಕಂಡಿರಬಹುದು. ಸುತ್ತಲ ಹಳ್ಳಿಗಳಲ್ಲಿ ಮಣ್ಣಿನ ಗೋಡೆಗಳು ಒಂದೊಂದಾಗಿ ಹೋಗುತ್ತಿದ್ದವು. ಉಳಿದ ಗೋಡೆಗಳನ್ನಾದರೂ ಹಿಡಿದಿಡೋಣವೆಂದು ನನಗೊಂದು ಹಂಬಲ. ಭಾರದ ಕ್ಯಾಮೆರಾ ಹೊತ್ತು ಬಸ್ಸು ಹತ್ತಿ ಇಳಿಯುವ ವಯಸ್ಸು ನನ್ನದಾಗಿರಲಿಲ್ಲ. “ಮೇಡಂ, ಇದು ಹಗುರ, ಇನ್ನು ಮುಂದೆ ಎಲ್ಲ ಇದೇ” ಎಂದ ಅಂಗಡಿಯವನು. ಎರಡು ಲೆನ್ಸ್ ಸಹಿತ ತಂದೆ. ಭಾನುವಾರಗಳು ಹಬ್ಬವಾದವು. ಮೂರೂವರೆ ವರ್ಷದಲ್ಲಿ ಹನ್ನೊಂದು ಹಳ್ಳಿ ಸುತ್ತಿದೆ.

2018ರಲ್ಲಿ ಒಂದು ದಿನ ಪರದೆ ಕಪ್ಪಾಯಿತು. ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಒಯ್ದೆ. ನಲವತ್ತು ದಿನ ಇಟ್ಟುಕೊಂಡು, “ಈ ಮಾಡೆಲಿನ ಬೋರ್ಡ್ ಬರುತ್ತಿಲ್ಲ, ಎಕ್ಸ್‌ಚೇಂಜಿಗೆ ಕೊಟ್ಟರೆ ನಾಲ್ಕು ಸಾವಿರ ಸಿಗುತ್ತದೆ” ಎಂದರು.

“ಲೆನ್ಸು ಎರಡೂ ಸರಿಯಾಗಿವೆಯಲ್ಲ, ಅವನ್ನು ನಿಮ್ಮ ಹೊಸ ಕ್ಯಾಮೆರಾಕ್ಕೆ ಹಾಕಬಹುದಲ್ಲ?” ಎಂದೆ.

“ಈಗ ಬರುವ ನಮ್ಮ ಯಾವುದಕ್ಕೂ ಅವು ಕೂರುವುದಿಲ್ಲ ಮೇಡಂ” ಎಂದ ಆ ಹುಡುಗ. ಪಾಪ, ಅವನ ತಪ್ಪೇನೂ ಇರಲಿಲ್ಲ.

ಆ ನಡುವೆ, ನಾನು ‘ಮುಂದಿನ ಭಾನುವಾರ’ ಎಂದು ಬಾಕಿ ಇಟ್ಟಿದ್ದ ಒಂದು ಮನೆಯನ್ನು ಕೆಡವಿ ಆರ್‌ಸಿಸಿ ಕಟ್ಟಿದರು. ಆ ಗೋಡೆಯ ಮೇಲೆ ಎಪ್ಪತ್ತು ದಾಟಿದ ಒಬ್ಬ ಅಜ್ಜಿ, ಮೊಮ್ಮಗಳ ಮದುವೆಗೆ ಬರೆದ ಚಿತ್ತಾರವಿತ್ತು. ಅಜ್ಜಿಯೂ ಮರುವರ್ಷ ಹೋದರು. ಐವತ್ತೆರಡು ಸಾವಿರವನ್ನು ನಾನು ಮರೆಯಬಲ್ಲೆ, ಆ ಗೋಡೆಯನ್ನು ಮರೆಯಲಾರೆ.

ನನ್ನ ಹಣೆಬರಹವೆಂದು ಸುಮ್ಮನಾಗಬಹುದಿತ್ತು. ಆದರೆ ಮೇಷ್ಟರ ಜಾತಿ ನೋಡಿ, ತಪ್ಪು ಎಲ್ಲಿ ಎಂದು ಹುಡುಕದೆ ನಿದ್ದೆ ಬರುವುದಿಲ್ಲ. ಹುಡುಕಿ ತಿಳಿದದ್ದನ್ನು ಹೇಳುತ್ತೇನೆ.

ಹಳೆಯ ಡಿಎಸ್‌ಎಲ್‌ಆರ್ ಕ್ಯಾಮೆರಾದ ಹೊಟ್ಟೆಯಲ್ಲಿ ಒಂದು ಕನ್ನಡಿ ಇರುತ್ತದೆ. ಲೆನ್ಸಿನಿಂದ ಬಂದ ಬೆಳಕನ್ನು ಅದು ನಮ್ಮ ಕಣ್ಣಿಗೆ ಕಳಿಸುತ್ತದೆ. ಬಟನ್ ಒತ್ತಿದಾಗ ‘ಟಪ್’ ಎಂದು ಮೇಲೇಳುತ್ತದೆ. ಆ ಕನ್ನಡಿ ಆಡಲು ಜಾಗ ಬೇಕು. ಆದ್ದರಿಂದ 1959ರಿಂದ ಬಂದ ನಿಕಾನ್‌ನ ಎಫ್ ಮೌಂಟಿನಲ್ಲಿ ಲೆನ್ಸ್ ಕೂರುವ ಬಳೆಗೂ ಒಳಗಿನ ಫಿಲ್ಮಿಗೂ ನಡುವೆ 46.5 ಮಿಲಿಮೀಟರ್ ಅಂತರ. ಮಿರರ್‌ಲೆಸ್‌ನಲ್ಲಿ ಕನ್ನಡಿಯೇ ಇಲ್ಲ. 2018ರಲ್ಲಿ ಅದೇ ಕಂಪನಿ ತಂದ ಝಡ್ ಮೌಂಟಿನಲ್ಲಿ ಈ ಅಂತರ 16 ಮಿಲಿಮೀಟರಿಗೆ ಇಳಿಯಿತು. ಕ್ಯಾಮೆರಾ ತೆಳುವಾಯಿತು, ಹಗುರವಾಯಿತು, ಚಿತ್ರ ಹೇಗೆ ಬರುತ್ತದೆಂದು ಒತ್ತುವ ಮೊದಲೇ ಕಾಣುವಂತಾಯಿತು. ಒಳ್ಳೆಯದೇ. ಹಳೆಯ ಉದ್ದ ಅಂತರದ ಲೆನ್ಸನ್ನು ಹೊಸದಕ್ಕೆ ಹಾಕಬೇಕಾದರೆ ನಡುವೆ ಒಂದು ಅಡಾಪ್ಟರ್ ಸಾಕು. ಹೊಸದನ್ನು ಹಳೆಯದಕ್ಕೆ ಹಾಕಲು ಆಗದು. ಎಲ್ಲಿಂದ ತರುತ್ತೀರಿ ಆ ಜಾಗವನ್ನು?

ಹೀಗಾಗಿ ಕ್ಯಾಮೆರಾ ಕೊಳ್ಳುವುದೆಂದರೆ ಒಂದು ವಸ್ತು ಕೊಂಡಂತಲ್ಲ, ಒಂದು ಮನೆತನದ ಜೊತೆ ಸಂಬಂಧ ಬೆಳೆಸಿದಂತೆ. ಬಾಡಿ ಮೊಸರಿನ ಹಾಗೆ, ದಿನ ಕಳೆದಂತೆ ಹುಳಿಯಾಗುತ್ತದೆ. ಲೆನ್ಸು ತಾಮ್ರದ ಹಂಡೆಯ ಹಾಗೆ, ಜೋಪಾನ ಮಾಡಿದರೆ ಮಗಳ ಕಾಲಕ್ಕೂ ಬರುತ್ತದೆ. ಆದರೆ ಕಂಪನಿ ಆ ಮೌಂಟನ್ನೇ ನಿಲ್ಲಿಸಿದರೆ, ಆ ದಿನವೇ ಹಂಡೆಗೆ ತೂತು ಬಿದ್ದ ಹಾಗೆ.

ನಿಲ್ಲಿಸುತ್ತಾರೆಯೇ? ನಿಲ್ಲಿಸಿದ್ದಾರೆ. ಸ್ಯಾಮ್‌ಸಂಗ್ 2010ರಲ್ಲಿ ಎನ್‌ಎಕ್ಸ್ ಎಂಬ ಸಾಲು ಶುರು ಮಾಡಿತು. 2014ರಲ್ಲಿ ಬಂದ ಎನ್‌ಎಕ್ಸ್1 ಅನ್ನು ಬಲ್ಲವರೆಲ್ಲ ಹೊಗಳಿದರು. ಕೆಲವೇ ವರ್ಷಗಳಲ್ಲಿ ಆ ಸಾಲೇ ಇಲ್ಲವಾಯಿತು. ನಿಕಾನ್ 2011ರಲ್ಲಿ ‘ನಿಕಾನ್ 1’ ತಂದಿತು, 2018ಕ್ಕೆ ಮುಗಿಸಿತು. ಕ್ಯಾನನ್ 2012ರಲ್ಲಿ ಇಒಎಸ್ ಎಂ ತಂದಿತು. 2018ರಲ್ಲಿ ಆರ್‌ಎಫ್ ಎಂಬ ಇನ್ನೊಂದು ಮೌಂಟು ತಂದಿತು. 2023ಕ್ಕೆ ಎಂ ಸಾಲಿಗೆ ಮಂಗಳ ಹಾಡಿತು. ಎಂ ಲೆನ್ಸಿಗೆ ಬೇಕಾದ ಅಂತರ 18 ಮಿಲಿಮೀಟರ್, ಆರ್‌ಎಫ್ ಕ್ಯಾಮೆರಾದ್ದು 20. ಆ ಎರಡೇ ಮಿಲಿಮೀಟರಿನಿಂದ ಒಂದೇ ಮನೆಯ ಅಕ್ಕನ ಬಳೆ ತಂಗಿಯ ಕೈಗೆ ಏರದೆ ಹೋಯಿತು. ಇವರಲ್ಲಿ ಯಾರೂ ನಿನ್ನೆ ಮೊನ್ನೆ ಬೋರ್ಡು ಹಾಕಿದವರಲ್ಲ. ಕಂಪನಿ ದೊಡ್ಡದೆಂದು ನಂಬಿ ಕೂರುವ ಹಾಗಿಲ್ಲ ಎಂಬುದಕ್ಕೆ ಇಷ್ಟು ಸಾಕು. ಕಂಪನಿ ಉಳಿಯುತ್ತದೆ, ನೀವು ಕೊಂಡ ಸಾಲು ಉಳಿಯುವುದಿಲ್ಲ.

ನಮ್ಮ ತಂದೆಯ ಹತ್ತಿರ ಒಂದು ಆಗ್ಫಾ ಕ್ಲಿಕ್ 3 ಇತ್ತು. ಒಂದು ರೋಲಿಗೆ ಹನ್ನೆರಡೇ ಚಿತ್ರ. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ ‘ಇಂದು’ ರೋಲು ತಂದರೂ ಸರಿ, ಬೇರೆಯವರದು ತಂದರೂ ಸರಿ, ನಂಬರ್ 120 ಆದರೆ ಆಯಿತು. ಕೊಡ್ಯಾಕ್ 1901ರಲ್ಲಿ ತಂದ ಆ ಅಳತೆಯ ರೋಲನ್ನು ಇವತ್ತಿಗೂ ತಯಾರಿಸುತ್ತಾರೆ. ಊಟಿಯ ಕಾರ್ಖಾನೆ ಮುಚ್ಚಿತು, ಕ್ಲಿಕ್ 3 ನಿಂತು ಎಷ್ಟೋ ಕಾಲವಾಯಿತು, ಆದರೂ ಆ ಡಬ್ಬಿ ಅನಾಥವಾಗಿಲ್ಲ. ಕಾರಣ, ಅಳತೆ ಎಲ್ಲರ ಸೊತ್ತಾಗಿತ್ತು. ಇಂದು ಒಂದೊಂದು ಕಂಪನಿಯೂ ತನ್ನ ಬಳೆಗೆ ತಾನೇ ಅಳತೆ ಮಾಡಿಕೊಂಡು, ಅದರೊಳಗೆ ನಮ್ಮ ಕೈ ಸಿಕ್ಕಿಸುತ್ತಿದೆ. ಅದನ್ನೇ ಪ್ರಗತಿ ಎಂದು ನಮಗೆ ಮಾರುತ್ತಿದೆ.

ಪೆಟ್ಟಿಗೆ ನೋಡಿದ ನನ್ನ ಹುಡುಗಿ ಸುಮ್ಮನೆ ತಲೆ ತಗ್ಗಿಸುವವಳಲ್ಲ. “ನೀವು ಒಂದು ಸಲ ಮೋಸ ಹೋದಿರಿ ಅಂತ ನಾನು ಹೊಸದನ್ನು ಮುಟ್ಟಲೇಬಾರದಾ ದೊಡ್ಡಮ್ಮಾ? ಸೋನಿ 2010ರಲ್ಲಿ ಇ ಮೌಂಟು ತಂದಾಗ ನಿಮ್ಮ ಹಾಗೇ ಎಲ್ಲರೂ ಹೆದರಿದ್ದರೆ? ಆಗ ಕೊಂಡ ಲೆನ್ಸ್ ಇವತ್ತಿನ ಕ್ಯಾಮೆರಾಕ್ಕೂ ಕೂರುತ್ತದೆ. ಹಳೆಯ ಡಿಎಸ್‌ಎಲ್‌ಆರ್ ತಾನೇ ಎಷ್ಟು ದಿನ? ದೊಡ್ಡ ಕಂಪನಿಗಳ ಗಮನವೆಲ್ಲ ಮಿರರ್‌ಲೆಸ್ ಕಡೆಗೇ ತಿರುಗಿದೆ” ಎಂದಳು.

ಅವಳ ಮಾತಿನಲ್ಲಿ ಸತ್ಯವಿದೆ, ಒಪ್ಪಬೇಕು. ಹಳೆಯದೆಲ್ಲ ಚಿನ್ನವೂ ಅಲ್ಲ. 1987ರಲ್ಲಿ ಕ್ಯಾನನ್ ತನ್ನ ಹಳೆಯ ಎಫ್‌ಡಿ ಮೌಂಟನ್ನು ಬಿಟ್ಟು ಇಎಫ್‌ಗೆ ಹೋದಾಗ ಆಗಿನವರೂ ಕೈ ಹಿಸುಕಿಕೊಂಡಿರಬೇಕು. ಮಿರರ್‌ಲೆಸ್ ಬೇಡವೆಂದು ನಾನು ಹೇಳುತ್ತಿಲ್ಲ. ಮಿರರ್‌ಲೆಸ್‌ನಲ್ಲೇ ಹತ್ತು ಹದಿನೈದು ವರ್ಷ ಬಾಳಿ ತೋರಿಸಿದ ಸಾಲುಗಳಿವೆ. ಇಬ್ಬರು ಮೂವರು ಸೇರಿ ನಡೆಸುವ ಮೌಂಟುಗಳೂ ಇವೆ. ಒಲಿಂಪಸ್ ಮತ್ತು ಪ್ಯಾನಸಾನಿಕ್ 2008ರಲ್ಲಿ ಕೂಡಿ ಹೊರಡಿಸಿದ ಮೈಕ್ರೋ ಫೋರ್ ಥರ್ಡ್ಸ್ ನೋಡಿ. ಒಲಿಂಪಸ್ 2021ರಲ್ಲಿ ಕ್ಯಾಮೆರಾ ವ್ಯಾಪಾರವನ್ನೇ ಬೇರೆಯವರಿಗೆ ಬಿಟ್ಟುಕೊಟ್ಟಿತು. ಆದರೂ ಆ ಲೆನ್ಸ್ ಇದ್ದವರು ಬೀದಿಗೆ ಬೀಳಲಿಲ್ಲ. ಕೂಡು ಕುಟುಂಬದ ಗುಣ ಅದು. ಒಬ್ಬರು ಕೈ ಬಿಟ್ಟರೆ ಇನ್ನೊಬ್ಬರಿರುತ್ತಾರೆ.

ಹೊಸ ಸಾಲನ್ನು ಪರೀಕ್ಷೆ ಮಾಡಿ ನೋಡುವವರು ಯಾರಾದರೂ ಇರಲೇಬೇಕು. ಅದು ದುಡ್ಡು ಹೋದರೂ ಊಟಕ್ಕೆ ತೊಂದರೆಯಿಲ್ಲದವರ ಕೆಲಸವಾಗಲಿ. ಸೋತರೆ ಅವರ ಮನೆಯಲ್ಲಿ ಷೋಕೇಸಿಗೆ ಒಂದು ವಸ್ತು ಹೆಚ್ಚಾಗುತ್ತದೆ, ನಮ್ಮ ಮನೆಯಲ್ಲಿ ಒಂದು ಜೊತೆ ಬಳೆ ಕಡಿಮೆಯಾಗುತ್ತದೆ. ‘ಹೊಸ ವೈದ್ಯನಿಗಿಂತ ಹಳೇ ರೋಗಿ ಮೇಲು’ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ನಮ್ಮ ಊರುಗಳಲ್ಲಿ ಮಕ್ಕಳ ಹೊಸ ಕಸುಬಿಗೆ ಮೊದಲ ಬಂಡವಾಳ ಎಲ್ಲಿಂದ ಬರುತ್ತದೆ ಎಂದು ನಿಮಗೆ ಗೊತ್ತಿದೆ. ತಾಯಿಯ ಕೊರಳಿನಿಂದ, ಅಜ್ಜಿಯ ಕೈಯಿಂದ ಬರುತ್ತದೆ. ಆದರೆ ಯಾವುದನ್ನು ಕೊಳ್ಳಬೇಕೆಂಬ ಮಾತು ಬಂದಾಗ, “ನಿಮಗೆ ಇದೆಲ್ಲ ತಿಳಿಯೋದಿಲ್ಲ, ಸುಮ್ಮನಿರಿ” ಎನ್ನುತ್ತಾರೆ. ನಮ್ಮ ಚಿನ್ನ ತಿಳಿಯುತ್ತದೆ, ನಮ್ಮ ಪ್ರಶ್ನೆ ತಿಳಿಯುವುದಿಲ್ಲ!

ಹಾಗಾದರೆ ಏನು ಕೇಳಬೇಕು? ಈ ಮೌಂಟು ಹುಟ್ಟಿ ಎಷ್ಟು ವರ್ಷವಾಯಿತು? ಇವತ್ತು, ಈ ಅಂಗಡಿಯಲ್ಲಿ, ಕೈಗೆ ಸಿಗುವ ಲೆನ್ಸ್ ಎಷ್ಟು? ಮುಂದೆ ಬರುವವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಬೇರೆ ಕಂಪನಿಯವರೂ ಇದಕ್ಕೆ ಲೆನ್ಸ್ ಮಾಡುತ್ತಾರೆಯೇ? ಸೆಕೆಂಡ್ ಹ್ಯಾಂಡ್ ಆಗಿ ಕೊಳ್ಳುವವರಿದ್ದಾರೆಯೇ? ಕೆಟ್ಟರೆ ಎಲ್ಲಿಗೆ ಒಯ್ಯಬೇಕು? ಮಾರುವುದು ನಿಲ್ಲಿಸಿದ ಮೇಲೆ ಎಷ್ಟು ವರ್ಷ ಬಿಡಿಭಾಗ, ಬ್ಯಾಟರಿ ಕೊಡುತ್ತೀರೆಂದು ಬರೆದುಕೊಡುತ್ತೀರಾ? ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿಯ ಹಕ್ಕಿನ ಬಗ್ಗೆ ಸಮಿತಿ ಮಾಡಿತು. ಸಂತೋಷ. ಔಷಧಿಯ ಪಟ್ಟಿಯ ಮೇಲೆ ಕೊನೆಯ ತಾರೀಖು ಅಚ್ಚು ಹಾಕಿಸುವ ನಾವು, ‘ಇಂಥ ವರ್ಷದವರೆಗೆ ಬಿಡಿಭಾಗ ಸಿಗುತ್ತದೆ’ ಎಂದು ಲಕ್ಷ ರೂಪಾಯಿಯ ಡಬ್ಬಿಯ ಮೇಲೂ ಅಚ್ಚು ಹಾಕಿಸಬೇಕು. ನನ್ನ ಐವತ್ತೆರಡು ಸಾವಿರದ ಡಬ್ಬಿಯ ಮೇಲೆ ಆ ಒಂದು ಸಾಲು ಇದ್ದಿದ್ದರೆ ನಾನು ಅದನ್ನು ಅಲ್ಲೇ ಬಿಟ್ಟು ಬರುತ್ತಿದ್ದೆ.

ಬಳೆ ಕೊಡಲಿಲ್ಲ. ಹುಡುಗಿ ಎರಡು ದಿನ ಮುಖ ಊದಿಸಿಕೊಂಡಳು. ಮೂರನೆಯ ದಿನ ನಾನೇ ಅವಳ ಜೊತೆ ಆ ಸ್ಟುಡಿಯೋಕ್ಕೆ ಹೋದೆ. ಅವರು ಮಾರಲು ಇಟ್ಟಿದ್ದ ಒಂದು ಹಳೆಯ ಬಾಡಿ, ಒಂದು ಒಳ್ಳೆಯ ಲೆನ್ಸ್, ಎರಡೂ ಸೇರಿ ನಲವತ್ತೊಂದು ಸಾವಿರಕ್ಕೆ ಬಂದವು. ನನ್ನ ಉಳಿತಾಯದಿಂದ ಕೊಟ್ಟೆ; ಬಡ್ಡಿಯಿಲ್ಲ, ಗಡುವಿಲ್ಲ. ನಾಳೆ ಅವಳು ಅದೇ ಮನೆತನದ ಮಿರರ್‌ಲೆಸ್‌ಗೆ ಹೋದರೂ ಆ ಲೆನ್ಸ್ ಅಡಾಪ್ಟರ್ ಹಾಕಿಕೊಂಡು ಜೊತೆಗೆ ಹೋಗುತ್ತದೆ. “ಇದು ಕಣ್ಣನ್ನು ತಾನೇ ಹುಡುಕಿ ಫೋಕಸ್ ಮಾಡಲ್ಲ ದೊಡ್ಡಮ್ಮಾ” ಎಂದು ಈಗಲೂ ಗೊಣಗುತ್ತಾಳೆ. ಗೊಣಗುತ್ತಲೇ ಈ ವೈಶಾಖದಲ್ಲಿ ನಾಲ್ಕು ಮದುವೆ ಮಾಡಿದ್ದಾಳೆ. ಒಂದು ಮದುವೆಮನೆಯಲ್ಲಿ ಹಸೆಗೋಡೆಯ ಚಿತ್ರವನ್ನೂ ತೆಗೆದು, ಕೇಳದೆಯೇ ನನಗೆ ಪ್ರಿಂಟು ಹಾಕಿಸಿ ತಂದಳು.

ಅವಳು ಬಯಸಿದ್ದ ಆ ಹೊಸ ಸಾಲು ಹತ್ತು ವರ್ಷ ಬಾಳಿದರೆ, ನನ್ನ ಲೆಕ್ಕ ತಪ್ಪೆಂದು ನಾನೇ ಒಪ್ಪುತ್ತೇನೆ. ಆಗ ಕೊಂಡರಾಯಿತು. ಹತ್ತು ವರ್ಷ ಬಾಳಿದ್ದು ಹನ್ನೊಂದನೆಯ ವರ್ಷ ಇನ್ನಷ್ಟು ಒಳ್ಳೆಯದಾಗಿ ಸಿಗುತ್ತದೆ, ಓಡಿಹೋಗುವುದಿಲ್ಲ.

ಅಕ್ಕತಂಗಿಯರೇ, ನಾಳೆ ನಿಮ್ಮ ಮನೆಯ ಮಗನೋ ಮಗಳೋ ಬಂದು ಬಳೆ ಕೇಳಿದರೆ ಬೈಯಬೇಡಿ. ಅವರ ಜೊತೆ ಅಂಗಡಿಗೆ ಹೋಗಿ, ಮಿಕ್ಸಿಗೆ ಕೇಳಿದ್ದನ್ನೇ ಅಲ್ಲಿಯೂ ಕೇಳಿ. ಅಂಗಡಿಯವನು ನಕ್ಕರೆ ನಗಲಿ. ಬಳೆ ಅವನ ತಾಯಿಯದಲ್ಲ.