ಕ್ಷಮೆಯೂ ಇರಲಿ, ದೂರೂ ದಾಖಲಾಗಲಿ

2008ರ ಸೆಪ್ಟೆಂಬರ್ 14ರ ಭಾನುವಾರ ಮಂಗಳೂರಿನ ಮಿಲಾಗ್ರಿಸ್ ಚರ್ಚ್ ಬಳಿಯ ಕ್ರೈಸ್ತ ಆರಾಧನಾ ಮಠಕ್ಕೆ ನುಗ್ಗಿದವರು ಶಿಲುಬೆ ಮುರಿದರು, ಪರಮಪ್ರಸಾದದ ಪೆಟ್ಟಿಗೆ ಒಡೆದರು. ನೊಂದ ಯುವಕರು ಬೀದಿಗಿಳಿದರು. ಕೆಲವೆಡೆ ಕಲ್ಲು ತೂರಾಟವೂ ನಡೆಯಿತು, ಪೊಲೀಸರು ಲಾಠಿಯನ್ನೂ ಬೀಸಿದರು. ಆ ಸಂಕಟ ಅರ್ಥವಾಗುತ್ತದೆ, ಕಲ್ಲನ್ನು ಒಪ್ಪಲಾಗದು. 1999ರಲ್ಲಿ ಒಡಿಶಾದಲ್ಲಿ ಗಂಡನನ್ನೂ ಇಬ್ಬರು ಗಂಡುಮಕ್ಕಳನ್ನೂ ಸುಟ್ಟು ಕೊಂದವರನ್ನು ಕ್ರೈಸ್ತ ಮಿಷನರಿ ಗ್ಲಾಡಿಸ್ ಸ್ಟೇನ್ಸ್ ಕ್ಷಮಿಸಿದರು. ನ್ಯಾಯಾಲಯದ ವಿಚಾರಣೆ ಅದರಿಂದ ನಿಲ್ಲಲಿಲ್ಲ, ನಿಲ್ಲಲೂಬಾರದಿತ್ತು.

ನಮ್ಮ ರಾಯಚೂರು ಜಿಲ್ಲೆಯ ಮುದಗಲ್ಲಿನಲ್ಲಿ ಆದಿಲ್‌ಶಾಹಿ ಕಾಲದಿಂದಲೂ ಚರ್ಚ್ ಇದೆ. ಕ್ರೈಸ್ತರು ಇಲ್ಲಿ ಹೊರಗಿನವರಲ್ಲ. ಗಬ್ಬೂರು, ದೇವದುರ್ಗ, ಮಾನ್ವಿಯ ಯಾವುದೇ ಪ್ರಾರ್ಥನಾ ಮನೆಗೆ ಬೆದರಿಕೆ ಬಂದರೆ, ಅಲ್ಲಿನ ಕ್ರೈಸ್ತರು ಸಂವಿಧಾನದ 25ನೇ ವಿಧಿ ಕೊಟ್ಟ ಹಕ್ಕಿನ ಬಲದಿಂದ ಲಿಖಿತ ದೂರು ಕೊಡಲಿ, ಎಫ್‌ಐಆರ್ ಪ್ರತಿಯನ್ನು ಕೇಳಿ ಪಡೆಯಲಿ. ಊರಿನ ಹಿಂದೂ, ಮುಸ್ಲಿಂ ಹಿರಿಯರೂ ಅವರೊಂದಿಗೆ ಠಾಣೆಯ ಮೆಟ್ಟಿಲು ಹತ್ತಲಿ.