ಪುರಸೊತ್ತು ಯಾರ ಗಳಿಕೆ?



ಸಭೆ ಮುಗಿದ ಮೇಲೆ ಒಬ್ಬರಾದರೂ ಕೇಳ್ತಾರೆ: "ಏನ್ರೀ ಕವಿಗಳೇ, ಹೊಸದೇನು ಬರದೀರಿ?" ನಾವು ತಲೆ ಕೆರಕೊಂಡು "ಪುರಸೊತ್ತೇ ಸಿಗಲಿಲ್ಲರಿ" ಅಂತೀವಿ. ಈ ಮಾತು ಅರ್ಧ ಖರೆ, ಅರ್ಧ ಸುಳ್ಳು.

ಖರೆ ಯಾಕಂದರೆ, ಮೈಲೂರಿನ ನಮ್ಮ ಮನೆಗಳಲ್ಲಿ ಬರೆಯಲಿಕ್ಕೆ ಬೇರೆ ಕೋಣೆ ಇಲ್ಲ. ಒಂದೇ ಕಡೆ ಅಪ್ಪನ ಕೆಮ್ಮು, ಅಣ್ಣನ ಕೂಸಿನ ಅಳು, ವೈನಿ ರೊಟ್ಟಿ ಬಡಿಯುವ ಸಪ್ಪಳ. ಬಿ.ಎ. ಓದಿದ್ದೂ ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು, ಬರೆಯುವುದೂ ಹಾಗೇ. ಒಂದು ಸಾಲು ಹೊಳೆಯುವಷ್ಟರಲ್ಲಿ ನಳಕ್ಕ ನೀರು ಬಂತು ಅಂತ ಕೂಗು. ಕಾವ್ಯಕ್ಕೆ ಏಕಾಂತ ಬೇಕು ಎಂದು ಕಾಲೇಜಿನಲ್ಲಿ ಕಲಿಸಿದರು. ಏಕಾಂತ ಉಳ್ಳವರ ಮನೆಯ ಸಾಮಾನು. ಅದು ಬರಲಿ ಅಂತ ಕಾದು ಕೂತರೆ ಕೇರಿಯಿಂದ ಒಂದು ಸಾಲೂ ಹೊರಬರುವುದಿಲ್ಲ.

ಬಾಬಾಸಾಹೇಬರು ಕಾದು ಕೂಡಲಿಲ್ಲ. ಮುಂಬಯಿಯ ಪರೇಲಿನಲ್ಲಿ ಅವರ ಇಡೀ ಸಂಸಾರ ಒಂದೇ ಕೋಣೆಯಲ್ಲಿತ್ತು. ತಂದೆ ರಾಮಜಿ ರಾತ್ರಿ ಎರಡರ ತನಕ ಎಚ್ಚರವಿದ್ದು, ಮಗನನ್ನು ಎಬ್ಬಿಸಿ ಓದಲು ಕೂಡಿಸಿ, ಆಮೇಲೆ ತಾವು ಮಲಗುತ್ತಿದ್ದರು. ಮಗ ಓದಿದ್ದು ತಂದೆ ಬಿಟ್ಟುಕೊಟ್ಟ ನಿದ್ದೆಯಲ್ಲಿ. ಮುಂದೆ ಅವರು ಅಮೆರಿಕ, ಇಂಗ್ಲೆಂಡುಗಳಲ್ಲಿ ಓದುವಾಗ ಇಲ್ಲಿ ಬಡತನ ನುಂಗಿಕೊಂಡು ಮನೆ ನಡೆಸಿದವರು ರಮಾಬಾಯಿ. 1935ರಲ್ಲಿ ರಮಾಬಾಯಿ ತೀರಿಕೊಂಡರು. ಆಮೇಲೆ ಬಂದ ಪಾಕಿಸ್ತಾನದ ಕುರಿತ ತಮ್ಮ ಪುಸ್ತಕವನ್ನು ಬಾಬಾಸಾಹೇಬರು ಆಕೆಯ ನೆನಪಿಗೆ ಅರ್ಪಿಸಿದರು. ತಮ್ಮ ಮೇಲಿನ ಋಣವನ್ನು ಜಗತ್ತಿನ ಮುಂದೆ ಒಪ್ಪಿಕೊಂಡರು.

ನಾವು ಒಪ್ಪಿಕೊಂಡಿದ್ದೇವೆಯೇ? ಅರ್ಧ ಸುಳ್ಳು ಇರುವುದು ಇಲ್ಲೇ. ರಾತ್ರಿ ನಾವು ಹಾಳೆ ಹಿಡಿದು ಕೂಡುವಾಗ ಅವ್ವ ಇನ್ನೂ ಭಾಂಡೆ ತಿಕ್ಕುತ್ತಿರುತ್ತಾಳೆ. "ಅಣ್ಣ ಬರೀಲತ್ಯಾನ, ಗದ್ದಲ ಮಾಡಬ್ಯಾಡ್ರಿ" ಅಂತ ಮಕ್ಕಳನ್ನು ಹೊರಗೆ ಕರೆದೊಯ್ಯುವಾಕಿ ತಂಗಿ. ಆ ತಂಗಿಯೂ ಸಾಲಿ ಕಲಿತಾಕೆ. "ನೀ ಏನು ಬರದಿ?" ಅಂತ ಆಕೆಯನ್ನು ಯಾರೂ ಕೇಳಿಲ್ಲ. ನಾವೂ ಕೇಳಿಲ್ಲ. ಗೌಡ, ದೇಸಾಯಿ, ಜಾಗೀರದಾರರು ನಮ್ಮ ಹಿರಿಯರ ಬಿಟ್ಟಿ ದುಡಿಮೆ ಉಂಡರು ಎಂದು ವೇದಿಕೆಯ ಮೇಲೆ ಗುಡುಗುವ ನಾವು, ಮನೆಯೊಳಗೆ ಬಿಟ್ಟಿ ದುಡಿಮೆ ಉಂಡೇ ಕವಿತೆ ಬರೀತೀವಿ.

ಗಡಿಯಾಚೆ ಮಹಾರಾಷ್ಟ್ರದ ಫಲಟಣದಲ್ಲಿ ಬೇಬಿ ಕಾಂಬಳೆ ಸಣ್ಣ ಕಿರಾಣಿ ಅಂಗಡಿ ನೋಡಿಕೊಳ್ಳುತ್ತಿದ್ದರು. ಸಾಮಾನು ಕಟ್ಟುವ ಹಳೇ ಪೇಪರು ಓದುತ್ತ ಓದಿನ ರುಚಿ ಹತ್ತಿತು. ಅಂಗಡಿಯಲ್ಲಿ ಕೂತೇ ಮಹಾರ ಕೇರಿಯ ಬದುಕನ್ನು ಬರೆದರು. ಬರೆದದ್ದನ್ನು ಗಂಡನ ಕಣ್ಣಿಗೆ ಬೀಳದ ಹಾಗೆ ಸುಮಾರು 20 ವರ್ಷ ಮುಚ್ಚಿಟ್ಟರು. 1982ರಲ್ಲಿ 'ಸ್ತ್ರೀ' ಮಾಸಿಕದಲ್ಲಿ ಅದು ಬರತೊಡಗಿತು. 1986ರಲ್ಲಿ 'ಜಿಣಂ ಆಮುಚಂ' ಎಂಬ ಪುಸ್ತಕವಾಯಿತು. ಬಾಬಾಸಾಹೇಬರ ಚಳವಳಿಯಲ್ಲಿ ಬೆಳೆದ ಹೆಣ್ಣುಮಗಳು ಮನೆಯವರಿಗೇ ಅಂಜಿ ಬರೆಯಬೇಕಾಯಿತು. ಚಳವಳಿಯ ಗಂಡಸರು ತಲೆ ತಗ್ಗಿಸಬೇಕಾದ ಮಾತಿದು.

ದೂರ ಯಾಕೆ, ನಮ್ಮ ಜಿಲ್ಲೆಯ ಕಲ್ಯಾಣವನ್ನೇ ನೋಡಿರಿ. 12ನೆಯ ಶತಮಾನದಲ್ಲಿ ಡೋಹರ ಕಕ್ಕಯ್ಯ ತೊಗಲು ಹದ ಮಾಡುತ್ತಲೇ ವಚನ ಕಟ್ಟಿದ. ಆಯ್ದಕ್ಕಿ ಮಾರಯ್ಯ ನೆಲಕ್ಕೆ ಬಿದ್ದ ಅಕ್ಕಿ ಆಯ್ದು ತರುತ್ತಿದ್ದ. ಹೆಚ್ಚಿಗೆ ತಂದ ದಿನ ತಪ್ಪೆಂದು ಹೇಳಿ ತಿರುಗಿ ಕಳಿಸಿದಾಕೆ ಹೆಂಡತಿ ಲಕ್ಕಮ್ಮ. ಒಂದೇ ಒಲೆಯ ಆ ಬಡ ಮನೆಯಲ್ಲಿ ಗಂಡನೂ ವಚನ ಬರೆದ, ಹೆಂಡತಿಯೂ ಬರೆದಳು. ಅಂದು ಆದದ್ದು ಇಂದು ಮೈಲೂರಿನಲ್ಲಿ ಯಾಕಾಗಬಾರದು?

ಅದಕ್ಕೇ ನಮ್ಮ ಮಾತು ಇಷ್ಟು. ಬರೆಯುವ ಹುಡುಗರು ದಿನಕ್ಕೆ ಒಂದು ತಾಸು ಮನೆಗೆಲಸ ಹೊರಬೇಕು. ನೀರು ತುಂಬಬೇಕು, ಕೂಸು ಎತ್ತಿಕೊಳ್ಳಬೇಕು, ಭಾಂಡೆ ತಿಕ್ಕಬೇಕು. ಆ ತಾಸು ತಂಗಿಗೆ, ವೈನಿಗೆ ಸೇರಬೇಕು. ಬರೆಯುವುದೋ, ಓದುವುದೋ, ಸುಮ್ಮನೆ ಕೂಡುವುದೋ ಅವರ ಇಷ್ಟ. ಅಕ್ಷರ ಬಾರದ ಅವ್ವ ಬೀಸುವಾಗಿನ ಹಾಡು ಹೇಳಲಿ, ನಾವು ಬರಕೊಳ್ಳೋಣ. ಕೆಳಗೆ ಆಕೆಯ ಹೆಸರಿರಲಿ. ಮುಂದಿನ ಸಂಚಿಕೆಯಲ್ಲಿ ಎರಡು ಪುಟ ಇದಕ್ಕೇ ಬಿಡಬೇಕೆಂದು ಸಂಪಾದಕ ಗೆಳೆಯರನ್ನು ಕೇಳುತ್ತೇವೆ.

"ಭಾಂಡೆ ತಿಕ್ಕಿದರೆ ಕ್ರಾಂತಿ ಆಗ್ತದೇನು?" ಅಂತ ನಗುವವರು ನಗಲಿ. ಭೂಮಿ ಹಂಚಿರಿ ಎಂದು ಕೇಳುವವರು ಮೊದಲು ಮನೆಯಲ್ಲಿ ಹೊತ್ತು ಹಂಚಿಕೊಂಡು ತೋರಿಸೋಣ.

ಜೈಭೀಮ್.